ಬಂಡೆಯೂರಿನಿಂದ ಕಡಲತಡಿಗೆ, ಸೈಕಲ್ ತುಳಿದು...

ಗೌರಿಬಿದನೂರಿನ ನಡುವೆ ಹಾದುಹೋಗುವ ಹೆದ್ದಾರಿಯಲ್ಲಿ ದಿನ ಬೆಳಗಾದರೆ ಶಾಲೆಗೆ ಹೊರಟ ಮಕ್ಕಳು, ಮುಸುಕಿನ ಜೋಳದ ಮೂಟೆ ಹೇರಿದ ಟ್ರ್ಯಾಕ್ಟರುಗಳು, ಹಿಂದೂಪುರದ ಬಸ್ಸಿಗೆ ಓಡುವವರು ಎಲ್ಲರೂ ಕಾಣುತ್ತಾರೆ. ಈ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಬರುವ ಉತ್ತರ ಎರಡೇ. ಈ ಕಡೆ ಚಿಕ್ಕಬಳ್ಳಾಪುರ, ಆ ಕಡೆ ಮಧುಗಿರಿ. ಅದರಾಚೆ? ಅದರಾಚೆಗೆ ಯೋಚಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಹಿಂದೆ ಇದೇ ರಸ್ತೆಗೆ 234 ಎಂಬ ಸಂಖ್ಯೆಯಿತ್ತು. ಮಂಗಳೂರಿನಲ್ಲಿ ಹೊರಟು ತಮಿಳುನಾಡಿನ ವಿಲ್ಲುಪುರಂ ಸೇರುತ್ತಿದ್ದ ಹೆದ್ದಾರಿ ಅದು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಬಂದ ಮೇಲೆ ಇದು 69 ಆಯಿತು. ಈಗ ಅದರ ಒಂದು ತುದಿ ಉತ್ತರ ಕನ್ನಡದ ಹೊನ್ನಾವರ, ಇನ್ನೊಂದು ತುದಿ ಆಂಧ್ರದ ಚಿತ್ತೂರು. ಎಂದರೆ, ಗೌರಿಬಿದನೂರಿನ ಹುಡುಗನೊಬ್ಬ ಮನೆಯಿಂದ ಸೈಕಲ್ ಹೊರತೆಗೆದು ಮಧುಗಿರಿಯ ಕಡೆ ಮುಖ ಮಾಡಿ ತುಳಿಯುತ್ತಲೇ ಹೋದರೆ ರಸ್ತೆ ಮುಗಿಯುವುದು ಅರಬ್ಬೀ ಸಮುದ್ರದ ದಡದಲ್ಲಿ! ಊರ ಪಕ್ಕದ ಉತ್ತರ ಪಿನಾಕಿನಿಯದು ಮಾತ್ರ ತದ್ವಿರುದ್ಧ ದಾರಿ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ, ವರ್ಷದ ಬಹುಕಾಲ ಬರೀ ಮರಳಾಗಿ ಮಲಗಿರುವ ಈ ನದಿ ನೀರು ಬಂದಾಗ ಪೂರ್ವಕ್ಕೆ ತಿರುಗಿ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೀರು ಒಂದು ಕಡಲಿಗೆ, ರಸ್ತೆ ಇನ್ನೊಂದು ಕಡಲಿಗೆ.

ಈ ರಸ್ತೆಗೆ ಇನ್ನೊಂದು ವಿಶೇಷವಿದೆ. ಇದರ ಆಸುಪಾಸಿನಲ್ಲಿ ಬೆಂಕಿಯಿಂದ ಹುಟ್ಟಿದ ಕಲ್ಲುಗಳಿವೆ. ಕರ್ನಾಟಕದಲ್ಲಿ ಜ್ವಾಲಾಮುಖಿಯೇ ಎಂದು ಹುಬ್ಬೇರಿಸಬೇಡಿ. ಇಂದು ಭಾರತದಲ್ಲಿ ಉಗುಳುತ್ತಿರುವ ಜ್ವಾಲಾಮುಖಿ ಒಂದೇ, ಅದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಆದರೆ ಭೂಮಿಯ ಹಳೆಯ ಕಾಲದಲ್ಲಿ ನಮ್ಮ ನೆಲವೂ ಕುದಿದಿದೆ, ಉಕ್ಕಿದೆ, ಹರಿದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಕರ್ನಾಟಕದಲ್ಲಿ ನಾಲ್ಕು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ ಮತ್ತು ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳು. ಮೊದಲನೆಯದನ್ನು ಬಿಟ್ಟರೆ ಉಳಿದ ಮೂರೂ ಲಾವಾರಸದ ಮಕ್ಕಳು. ಈ ಮೂರನ್ನೂ ಗೌರಿಬಿದನೂರಿನಿಂದ ಸೈಕಲ್ ಮೇಲೆ ಮುಟ್ಟಬಹುದು. ಪೆದ್ದಪಲ್ಲಿ ಪೂರ್ವಕ್ಕೆ, ಉಳಿದೆರಡು ಪಶ್ಚಿಮಕ್ಕೆ.

ಹೊರಡುವ ಮುಂಚೆ ಮನೆಯ ಕಲ್ಲನ್ನು ನೋಡಿಕೊಳ್ಳಬೇಕು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಗುಡಿಬಂಡೆ ಕಡೆಯ ಮಕ್ಕಳಿಗೆ ಬಂಡೆಯೆಂದರೆ ಬೋಳು ಬೆಟ್ಟ, ಮನೆಯ ಚಪ್ಪಡಿ, ಬೇಲಿಯ ಕಂಬ. ಅದರ ಒಂದು ತುಂಡನ್ನು ಬಿಸಿಲಿಗೆ ಹಿಡಿದರೆ ಕಣ್ಣಿಗೆ ಕಾಣುವಷ್ಟು ದಪ್ಪನೆಯ ಹರಳುಗಳು. ಗಾಜಿನಂಥ ಸ್ಫಟಿಕ, ಬಿಳಿ ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್, ಮಕ್ಕಳು ಕಾಗೆಬಂಗಾರವೆಂದು ಕರೆಯುವ ಅಭ್ರಕ. ಇದು ಗ್ರಾನೈಟ್. ಇದೂ ಒಂದು ಕಾಲದಲ್ಲಿ ಕರಗಿದ ಪಾಕವೇ ಆಗಿತ್ತು. ಆದರೆ ಮೇಲಕ್ಕೆ ಉಕ್ಕಲಿಲ್ಲ, ನೆಲದೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ಆರಿತು. ಸಕ್ಕರೆ ಪಾಕವನ್ನು ದಿನಗಟ್ಟಲೆ ಅಲುಗಿಸದೆ ಇಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆಯಾಗುತ್ತದೆ. ಅದೇ ಬಿಸಿ ಪಾಕವನ್ನು ತಣ್ಣೀರಿಗೆ ಬಿಟ್ಟರೆ ತಕ್ಷಣ ಗಟ್ಟಿಯಾಗಿ ಹರಳೇ ಇಲ್ಲದ ಉಂಡೆಯಾಗುತ್ತದೆ. ಅಡುಗೆಮನೆಯಲ್ಲಿ ಪಾಕದ ಹದ ನೋಡುವ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗ್ರಾನೈಟ್ ಕಲ್ಲುಸಕ್ಕರೆ, ಲಾವಾ ತಣ್ಣೀರಿಗೆ ಬಿಟ್ಟ ಪಾಕ. ಇಷ್ಟು ತಿಳಿದಿದ್ದರೆ ದಾರಿಯುದ್ದಕ್ಕೂ ಕಲ್ಲನ್ನು ಓದಿಕೊಂಡು ಹೋಗಬಹುದು.

ನಂದಿಯ ಸುತ್ತಲಿನ ಈ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಹಳೆಯ, ಅಷ್ಟು ಗಟ್ಟಿ, ಅಷ್ಟು ನಿಶ್ಚಲ ನೆಲವೆಂಬ ಕಾರಣಕ್ಕೇ 1965ರಲ್ಲಿ ಗೌರಿಬಿದನೂರಿನಲ್ಲಿ ಅಣುಶಕ್ತಿ ಇಲಾಖೆಯ ಭೂಕಂಪ ಮಾಪನ ಕೇಂದ್ರ ತಲೆಯೆತ್ತಿತು. ದೂರದ ದೇಶಗಳು ನೆಲದಡಿ ಗುಟ್ಟಾಗಿ ಅಣುಬಾಂಬು ಸಿಡಿಸಿದರೂ ಅದರ ನಡುಕವನ್ನು ಇಲ್ಲಿನ ಬಂಡೆ ಹಿಡಿದುಕೊಡುತ್ತದೆ! ಅದೇ 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಹಿಡಿದರು. ಎರಡೂ ಕೆಲಸಕ್ಕೆ ನೆರವಾದದ್ದು ಕಲ್ಲೇ. ಪಠ್ಯಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವಾದರೂ ಸಿಗಬೇಕಿತ್ತು.

ಆದರೆ ಈ ಕಲ್ಲು ಕರಗುತ್ತಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಯಾವ ದಿಕ್ಕಿಗೆ ಸೈಕಲ್ ತಿರುಗಿಸಿದರೂ ಅರ್ಧ ಕೊಯ್ದ ಬೆಟ್ಟ, ಬಿಳಿ ಧೂಳು ಮೆತ್ತಿದ ಗಿಡಗಳು, ಜಲ್ಲಿಯ ಲಾರಿಗಳು ಎದುರಾಗುತ್ತವೆ. ಬೆಂಗಳೂರಿಗೆ ಕಟ್ಟಡ ಬೇಕು, ಕಟ್ಟಡಕ್ಕೆ ಜಲ್ಲಿ ಬೇಕು. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಗಣಿಯ ಸ್ಫೋಟಕ ಸಿಡಿದು ಆರು ಮಂದಿ ಸತ್ತರು. ಆಗ ಕೆಲವು ದಿನ ಎಲ್ಲರ ಬಾಯಲ್ಲೂ ಕಲ್ಲುಗಣಿಯ ಮಾತು. ಆಮೇಲೆ ಮತ್ತೆ ಮೌನ. ಬೆಟ್ಟದ ಒಂದು ಭಾಗ ಹೋದರೆ ಗುರುತು ಹಿಡಿಯುವವರು ಅದನ್ನು ಮೊದಲೇ ನೋಡಿದ್ದವರು ಮಾತ್ರ. ಬಸ್ಸಿನ ಕಿಟಕಿಯಿಂದ ನೋಡಿದ ಬೆಟ್ಟ ನೆನಪಿನಲ್ಲಿ ನಿಲ್ಲುವುದಿಲ್ಲ. ಏದುಸಿರು ಬಿಡುತ್ತ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ಹೋದ ಬೆಟ್ಟ ನಿಲ್ಲುತ್ತದೆ.

ಸೈಕಲ್ ಎಂದಾಗ ತಂದೆತಾಯಿಗಳಿಗೆ ತಮ್ಮ ಕಾಲ ನೆನಪಾಗುತ್ತದೆ. ಗಂಟೆಯ ಲೆಕ್ಕದ ಬಾಡಿಗೆ ಸೈಕಲ್, ಸೀಟು ಎಟುಕದೆ ಒಳಪೆಡಲು ತುಳಿದದ್ದು, ಮೊಣಕಾಲಿನ ಗಾಯ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಆರಂಭಿಸಿದ ಮೇಲೆ ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದು ಶಾಲೆಗೆ ಹೋದದ್ದು ಕಣ್ಣಿಗೆ ಹಬ್ಬವಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿದದ್ದೇ ತಡ, ಆ ಸೈಕಲ್ಲುಗಳಲ್ಲಿ ಎಷ್ಟೋ ದನದ ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿದವು. ಕಾಲೇಜಿಗೆ ಬಸ್ ಪಾಸ್ ಬಂತು, ಆಮೇಲೆ ಸ್ಕೂಟರ್ ಬಂತು. ದೂರದ ಪ್ರಯಾಣಕ್ಕೆ ಗೇರಿನ ದುಬಾರಿ ಸೈಕಲ್ಲೇ ಬೇಕೆಂಬ ನಂಬಿಕೆಯೂ ಜೊತೆಗೆ ಸೇರಿತು. ಗೇರ್ ಇದ್ದರೆ ಏರಿನಲ್ಲಿ ಸುಖ, ಸುಳ್ಳಲ್ಲ. ಇಲ್ಲದಿದ್ದರೆ ಇಳಿದು ತಳ್ಳಿದರಾಯಿತು. ತಳ್ಳುವುದೂ ಪ್ರಯಾಣವೇ.

ಇದೇ ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ 1935ರಲ್ಲಿ ಓದುವ ಆಸೆಯಿಂದ, ಬಸ್ಸಿಗೆ ಕಾಸಿಲ್ಲದೆ, ಎರಡು ದಿನ ಕಾಲ್ನಡಿಗೆಯಲ್ಲೇ ಬೆಂಗಳೂರು ಸೇರಿದ. ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಏನನ್ನೇ ಆದರೂ ಪ್ರಶ್ನಿಸಿ ನೋಡಿ ಎಂದು ಮಕ್ಕಳಿಗೆ ಹೇಳಿಕೊಟ್ಟ ಎಚ್. ನರಸಿಂಹಯ್ಯ ಅವರೇ ಆ ಹುಡುಗ. ಅವರ ಊರಿನ ಮಕ್ಕಳಿಗೆ ನಾಲ್ಕು ದಿನದ ಸೈಕಲ್ ಪ್ರಯಾಣ ದೊಡ್ಡದೆನಿಸಬಾರದು.

ಮೊದಲು ಪೂರ್ವದ ಸುತ್ತು. ಇದು ಪರೀಕ್ಷೆಗೆ ಮುಂಚಿನ ಕಿರುಪರೀಕ್ಷೆಯಿದ್ದಂತೆ. ಗೌರಿಬಿದನೂರಿನಿಂದ ಮಂಚೇನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಸುಮಾರು 40 ಕಿ.ಮೀ. ರಸ್ತೆ ಮೆಲ್ಲಗೆ ಏರುತ್ತಲೇ ಹೋಗುತ್ತದೆ. ಕಣ್ಣಿಗೆ ಸಮತಟ್ಟು, ಕಾಲಿಗೆ ಏರು! ಗೌರಿಬಿದನೂರಿಗಿಂತ ಚಿಕ್ಕಬಳ್ಳಾಪುರ ಇನ್ನೂರು ಮೀಟರಿನಷ್ಟು ಎತ್ತರದಲ್ಲಿದೆ ಎಂಬುದು ಭೂಪಟ ನೋಡಿದವರಿಗಿಂತ ಪೆಡಲ್ ತುಳಿದವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಎದುರಿಗೆ 1,478 ಮೀಟರ್ ಎತ್ತರದ ನಂದಿಬೆಟ್ಟ. ವಾರದ ಕೊನೆಯ ಬೆಳಗುಗಳಲ್ಲಿ ಬೆಂಗಳೂರಿನ ಸೈಕಲ್ ಸವಾರರು ಬಣ್ಣದ ಶಿರಸ್ತ್ರಾಣ ತೊಟ್ಟು ಅದರ ತಿರುವುಗಳನ್ನು ಹತ್ತುವುದನ್ನು ನೋಡಬಹುದು. ಬೆಟ್ಟದ ಬುಡದ ಹಳ್ಳಿಗಳ ಮಕ್ಕಳು ದಾರಿಬದಿ ನಿಂತು ಅವರಿಗೆ ಕೈಬೀಸುತ್ತಾರೆ. ಕೈಬೀಸುವವರಲ್ಲಿ ನಾಲ್ಕು ಮಂದಿಯಾದರೂ ಹಿಂದೆ ಹತ್ತಿದರೆ ಚೆನ್ನ.

ಚಿಕ್ಕಬಳ್ಳಾಪುರ ದಾಟಿದರೆ ಹಿಪ್ಪುನೇರಳೆ ತೋಟಗಳು ಆರಂಭ. ಶಿಡ್ಲಘಟ್ಟದ ಬೀದಿಗಳಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳ ವಾಸನೆ ಮೂಗಿಗೆ ಬಡಿಯುತ್ತದೆ. ಮುಂದೆ ಚಿಂತಾಮಣಿ, ಟೊಮ್ಯಾಟೊ ತುಂಬಿದ ಪೆಟ್ಟಿಗೆಗಳ ಲೋಕ. ಕೈವಾರದ ಬೆಟ್ಟ, ಅಂಬಾಜಿದುರ್ಗ ಎಲ್ಲವೂ ಅದೇ ಗ್ರಾನೈಟ್ ವಂಶ. ಮೊದಲ ದಿನ ಇಲ್ಲಿಗೆ ಸಾಕು. ದಣಿದವರಿಗೆ ಒಂದು ಆಸರೆಯೂ ಇದೆ. ಹಿಂದಿನ ನ್ಯಾರೋಗೇಜ್ ಹಳಿ ಬ್ರಾಡ್‌ಗೇಜ್ ಆಗಿ 2013ರಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಮಾರ್ಗವಾಗಿ ಕೋಲಾರವನ್ನು ಸೇರುತ್ತದೆ.

ಚಿಂತಾಮಣಿಯಿಂದ ಹೆದ್ದಾರಿ ಬಿಟ್ಟು ಕೋಲಾರ, ಅಲ್ಲಿಂದ ಕೆಜಿಎಫ್. ಇಲ್ಲಿ ಕಲ್ಲಿನ ಬಣ್ಣ ಬದಲಾಗುತ್ತದೆ. ಬೂದುಬಿಳಿಪಿನ ಬಂಡೆಗಳ ನಡುವೆ ಒಮ್ಮೆಗೇ ಕಪ್ಪು, ಕಡುಹಸಿರು ಕಲ್ಲಿನ ಪಟ್ಟಿ. ಸುಮಾರು 80 ಕಿ.ಮೀ. ಉದ್ದಕ್ಕೆ ಉತ್ತರ-ದಕ್ಷಿಣವಾಗಿ ಹಾಸಿರುವ, ಅಗಲದಲ್ಲಿ ಕೆಲವೇ ಕಿಲೋಮೀಟರಿನ ಈ ಪಟ್ಟಿಯೇ ಕೋಲಾರದ ಶಿಲಾಪಟ್ಟಿ. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾರಸ ಉಕ್ಕಿತ್ತು. ಆಮೇಲೆ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ರೂಪ ಬದಲಿಸಿಕೊಂಡಿತು. ಅದರ ಬಿರುಕುಗಳಲ್ಲಿ ಸೇರಿಕೊಂಡ ಬೆಣಚುಕಲ್ಲಿನ ಎಳೆಗಳಲ್ಲೇ ಚಿನ್ನ ಇದ್ದದ್ದು. ಆ ಎಳೆಗಳ ಬೆನ್ನು ಹತ್ತಿ ಮನುಷ್ಯ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಉಳಿದಿರುವುದು ಕಾರ್ಮಿಕರ ಸಾಲುಮನೆಗಳು ಮತ್ತು ಸಯನೈಡ್ ದಿಬ್ಬಗಳೆಂದು ಊರವರು ಕರೆಯುವ ಬೂದಿಬಣ್ಣದ ಗುಡ್ಡಗಳು. ಚಿತ್ರಕ್ಕೆ ಚೆಂದವೆಂದು ಆ ಗುಡ್ಡಗಳನ್ನು ಹತ್ತಬಾರದು, ಆ ಧೂಳು ಉಸಿರಿಗೆ ಒಳ್ಳೆಯದಲ್ಲ. ಪೆದ್ದಪಲ್ಲಿಯ ಬಳಿ ಜ್ವಾಲಾಮುಖಿ ಸಿಡಿದು ಎಸೆದ ಚೂರುಗಳು ಬೂದಿಯೊಂದಿಗೆ ಬೆರೆತು ಗಟ್ಟಿಯಾದ ಕಲ್ಲು ಕಾಣಸಿಗುತ್ತದೆ. ಅವಲಕ್ಕಿಯಲ್ಲಿ ಕಡಲೆಬೀಜ ಬೆರೆತ ಹಾಗೆ ಕಲ್ಲಿನೊಳಗೆ ಬೇರೆ ಬೇರೆ ಕಲ್ಲು. ಚಿನ್ನ ನೋಡಲು ಬಂದವರಿಗೆ ನಿರಾಸೆಯಾಗಬಹುದು, ಕಲ್ಲು ನೋಡಲು ಬಂದವರಿಗಲ್ಲ.

ಹೋಗಿಬರುವುದು ನಾಲ್ಕು ದಿನದ ಮಾತು. ಇಷ್ಟನ್ನು ನೆಮ್ಮದಿಯಾಗಿ ಮುಗಿಸಿ ಬಂದವರು ಪಶ್ಚಿಮದ ದೊಡ್ಡ ಪ್ರಯಾಣಕ್ಕೆ ಅರ್ಹರು.

ಮನೆಯಲ್ಲಿ ಒಪ್ಪಿಗೆ ಪಡೆಯುವುದು ಘಟ್ಟ ಇಳಿಯುವುದಕ್ಕಿಂತ ಕಷ್ಟ ಎಂದು ವಿದ್ಯಾರ್ಥಿಗಳು ಗೊಣಗುವುದುಂಟು. ತಂದೆತಾಯಿಗಳ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಹೆದ್ದಾರಿಯ ಲಾರಿಗಳಿಗೆ ಸೈಕಲ್ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಕೆಲವು ಕಟ್ಟಳೆಗಳನ್ನು ಮೊದಲೇ ಮಾಡಿಕೊಳ್ಳಬೇಕು. ಐದಾರು ಜನರ ಗುಂಪು, ಜೊತೆಗೆ ಒಬ್ಬ ಉಪಾಧ್ಯಾಯರೋ ಅನುಭವಸ್ಥ ಹಿರಿಯರೋ ಇರಲೇಬೇಕು. ಬೆಳಕು ಹರಿದ ಮೇಲೆ ಹೊರಟು ಬಿಸಿಲೇರುವ ಮುಂಚೆ ದಿನದ ಮುಕ್ಕಾಲು ದಾರಿ ಮುಗಿಸಬೇಕು, ಕತ್ತಲಲ್ಲಿ ಒಂದು ಮೈಲಿಯೂ ಬೇಡ. ತಲೆಗೆ ಹೆಲ್ಮೆಟ್, ಬೆನ್ನಿಗೆ ದೂರಕ್ಕೆ ಕಾಣುವ ಬಣ್ಣದ ಅಂಗಿ. ಒಬ್ಬರ ಹಿಂದೆ ಒಬ್ಬರು, ಪಕ್ಕಪಕ್ಕ ಹರಟುತ್ತ ಅಲ್ಲ. ಸಂಜೆ ತಂಗುವ ಊರು ತಲುಪಿದ ಕೂಡಲೇ ಮನೆಗೆ ಫೋನು. ದಿನಕ್ಕೆ 60ರಿಂದ 80 ಕಿ.ಮೀ. ಸಾಕು. ನೂರು ತುಳಿದೆವೆಂದು ಕೊಚ್ಚಿಕೊಳ್ಳುವವರು ಮೂರನೆಯ ದಿನ ಬಸ್ಸಿನ ಮೇಲೆ ಸೈಕಲ್ ಏರಿಸಿ ಮರಳುತ್ತಾರೆ.

ಕ್ಯಾರಿಯರಿಗೆ ಕಟ್ಟುವ ಗಂಟಿನಲ್ಲಿ ಬಟ್ಟೆಗಿಂತ ಮುಖ್ಯವಾದವು ಪಂಪು, ಒಂದೆರಡು ಹೆಚ್ಚುವರಿ ಟ್ಯೂಬು, ಪಂಕ್ಚರ್ ಹಾಕುವ ಸೊಲ್ಯೂಷನ್ನು, ತೇಪೆ, ಸ್ಪ್ಯಾನರು. ಹೊರಡುವ ಮುಂಚೆ ಊರಿನ ಸೈಕಲ್ ಶಾಪಿನಲ್ಲಿ ಕೂತು ಟಯರು ಬಿಚ್ಚಿ, ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ, ಗುಳ್ಳೆ ಬರುವ ಜಾಗ ಹುಡುಕಿ ತೇಪೆ ಹಾಕುವುದನ್ನು ಕಲಿತಿರಬೇಕು. ಮಧುಗಿರಿ-ಶಿರಾ ಸೀಮೆಯ ಜಾಲಿಮುಳ್ಳು ಯಾರನ್ನೂ ಸುಮ್ಮನೆ ಬಿಡುವುದಿಲ್ಲ! ತಿನ್ನಲು ಕಡಲೆಕಾಯಿ ಬೀಜ, ಬೆಲ್ಲ, ಬಾಳೆಹಣ್ಣು. ಬಾಟಲಿಯ ಬಣ್ಣದ ಪಾನೀಯಗಳಿಗಿಂತ ಉಪ್ಪು ಹಾಕಿದ ನಿಂಬೆ ಪಾನಕ ಎಷ್ಟೋ ಮೇಲು.

ಕಾಲವೆಂದರೆ ದಸರಾ ರಜೆ. ಮಳೆ ಹಿಂದೆ ಸರಿದಿರುತ್ತದೆ, ಕೆರೆಗಳಲ್ಲಿ ನೀರಿರುತ್ತದೆ, ಬಿಸಿಲಿಗೆ ಇನ್ನೂ ಹಲ್ಲು ಮೂಡಿರುವುದಿಲ್ಲ.

ಮಧುಗಿರಿಯವರೆಗೆ ಹೆಚ್ಚೇನೂ ಶ್ರಮವಿಲ್ಲ. ದೂರದಿಂದಲೇ ಕಾಣುವ ಏಕಶಿಲೆಯ ಬೆಟ್ಟ, ಅದರ ಹೊಟ್ಟೆಯ ಮೇಲೆ ಗೆರೆ ಎಳೆದ ಹಾಗೆ ಕೋಟೆಯ ಗೋಡೆ. ಹತ್ತುವ ಆಸೆ ಮೂಡುತ್ತದೆ. ಆದರೆ ಒಂದೇ ದಿನ ಬೆಟ್ಟವನ್ನೂ ಹತ್ತಿ ಸೈಕಲ್ಲನ್ನೂ ತುಳಿಯುವುದು ಬೇಡ. ಶಿರಾ ತಲುಪಿದರೆ ಅಂದಿನ ದಾರಿ ಮುಗಿಯಿತು.

ಹೆದ್ದಾರಿ 69 ಇಲ್ಲಿಂದ ಬುಕ್ಕಾಪಟ್ಟಣ, ಹುಳಿಯಾರಿನ ಕಡೆ ತಿರುಗುತ್ತದೆ. ಕಲ್ಲು ನೋಡಹೊರಟವರು ಮಾತ್ರ ಅದನ್ನು ಬಿಟ್ಟು ಉತ್ತರಕ್ಕೆ ಹಿರಿಯೂರಿನ ದಾರಿ ಹಿಡಿಯಬೇಕು. ಇದು ಬೆಂಗಳೂರು-ಪುಣೆ ಹೆದ್ದಾರಿ, ವಾಹನಗಳ ಭರಾಟೆ ಹೆಚ್ಚು. ಸರ್ವೀಸ್ ರಸ್ತೆ ಇರುವಲ್ಲೆಲ್ಲ ಅದರಲ್ಲೇ ಹೋಗುವುದು ಕ್ಷೇಮ. ಹಿರಿಯೂರು ದಾಟಿ ಐಮಂಗಲದ ಆಸುಪಾಸಿನಲ್ಲಿ ವಿಚಾರಿಸಿದರೆ ಮರಡಿಹಳ್ಳಿಯ ದಾರಿ ತೋರಿಸುತ್ತಾರೆ. "ಅಲ್ಲೇನಿದೆ, ಬರೀ ಕಲ್ಲು" ಎಂಬ ಮಾತನ್ನೂ ಸೇರಿಸಿಯೇ ತೋರಿಸುವವರು ಎಲ್ಲ ಊರಿನಲ್ಲೂ ಇರುತ್ತಾರೆ.

ನಿಜ, ಬರೀ ಕಲ್ಲು. ಆದರೆ ಎಂಥ ಕಲ್ಲು! ಹಸಿರು ಛಾಯೆಯ ಬೂದುಬಣ್ಣದ ಉರುಟು ಉರುಟಾದ ಗುಡ್ಡೆಗಳು ಒಂದರ ಮೇಲೊಂದು, ಒಂದಕ್ಕೊಂದು ಒತ್ತಿಕೊಂಡು, ಮದುವೆ ಮನೆಯ ಮೂಲೆಯಲ್ಲಿ ದಿಂಬುಗಳನ್ನು ರಾಶಿ ಹಾಕಿದಂತೆ ಕಾಣುತ್ತವೆ. ಇದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರೂ ದಿಂಬು ಲಾವಾ ಎಂದೇ. ಲಾವಾರಸ ನೀರಿನೊಳಗೆ ಉಕ್ಕಿದಾಗ ಮಾತ್ರ ಈ ಆಕಾರ ಬರುತ್ತದೆ. ಕುದಿಯುವ ರಸಕ್ಕೆ ತಣ್ಣೀರು ತಾಗಿದ ಕ್ಷಣವೇ ಹೊರಮೈ ಗಟ್ಟಿ ಸಿಪ್ಪೆಯಾಗುತ್ತದೆ. ಒಳಗಿನ ರಸ ಇನ್ನೂ ಬಿಸಿ. ಅದು ಸಿಪ್ಪೆಯನ್ನು ಉಬ್ಬಿಸಿ, ಎಲ್ಲೋ ಒಂದೆಡೆ ಒಡೆದು ಹೊರನುಗ್ಗುತ್ತದೆ. ನುಗ್ಗಿದ್ದಕ್ಕೆ ಮತ್ತೆ ಸಿಪ್ಪೆ, ಮತ್ತೆ ಉಬ್ಬು. ಹೀಗೆ ದಿಂಬಿನ ಮೇಲೆ ದಿಂಬು. ಕೆಳಗಿನ ದಿಂಬುಗಳು ಇನ್ನೂ ಮೆತ್ತಗಿರುವಾಗಲೇ ಮೇಲಿನವು ಬಂದು ಕೂರುವುದರಿಂದ ಅವುಗಳ ತಳ ಕೆಳಗಿನ ಸಂದಿಗೆ ಒತ್ತಿಕೊಂಡಿರುತ್ತದೆ. ಕಲ್ಲಿನ ಯಾವ ಮಗ್ಗುಲು ಆಗ ಮೇಲಿತ್ತು, ಯಾವುದು ಕೆಳಗಿತ್ತು ಎಂದು ಭೂವಿಜ್ಞಾನಿಗಳು ಇದರಿಂದಲೇ ಹೇಳಬಲ್ಲರು.

ಈಗ ಸುತ್ತ ಒಮ್ಮೆ ಕಣ್ಣು ಹಾಯಿಸಬೇಕು. ಚಿತ್ರದುರ್ಗ ಸೀಮೆ, ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಕಡೆ. ಹತ್ತಿರದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬೀಳುವುದನ್ನು ನೋಡಲು ಜನ 2022ರವರೆಗೆ, ಎಂಬತ್ತೊಂಬತ್ತು ವರ್ಷ ಕಾಯಬೇಕಾಯಿತು. ಇಂಥ ನೆಲದಲ್ಲಿ ಸುಮಾರು 250 ಕೋಟಿ ವರ್ಷದ ಹಿಂದೆ ಕಡಲಿತ್ತು, ಅದರ ತಳದಲ್ಲಿ ಬೆಂಕಿ ಉಕ್ಕುತ್ತಿತ್ತು ಎಂದು ಈ ದಿಂಬುಗಳು ಹೇಳುತ್ತಿವೆ! ಕರಾವಳಿ ನೋಡಲು ಹೊರಟ ಹುಡುಗರಿಗೆ ಮೊದಲ ಕಡಲು ಸಿಗುವುದು ಇಲ್ಲೇ, ನೀರಿಲ್ಲದ ಕಡಲು. ನೆನಪಿಗೆಂದು ಕಲ್ಲಿನ ಚೂರು ಒಡೆದುಕೊಳ್ಳುವ ಚಪಲ ಇಲ್ಲಿ ಬರುತ್ತದೆ, ತಡೆದುಕೊಳ್ಳಬೇಕು. ಸ್ಮಾರಕವೆಂಬ ಫಲಕ ಕಾವಲು ಕಾಯುವುದಿಲ್ಲ.

ಮುಂದಿನ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೊಸದುರ್ಗ, ಅಜ್ಜಂಪುರದ ಮೇಲೆ ಬಂದು ತರೀಕೆರೆಯಲ್ಲಿ ಮತ್ತೆ 69ನ್ನು ಸೇರಬಹುದು. ತೆಂಗು ಹೋಗಿ ಅಡಿಕೆ ಬರುತ್ತದೆ, ಮುದ್ದೆ ಹೋಗಿ ಅನ್ನ ಬರುತ್ತದೆ, ಗಾಳಿಯಲ್ಲಿ ತಂಪು ಸೇರುತ್ತದೆ. ಭದ್ರಾವತಿ, ಶಿವಮೊಗ್ಗ. ಅಲ್ಲಿಯವರೆಗೆ ದಾಟಿದ ವೇದಾವತಿ, ಭದ್ರಾ, ತುಂಗಾ ಎಲ್ಲವೂ ಪೂರ್ವಕ್ಕೇ ಹರಿಯುವ ನೀರು. ಸಾಗರದ ಕಡೆ ಸಾಗಿದಂತೆ ಎಲ್ಲೋ ಒಂದು ಏರಿನಲ್ಲಿ, ಯಾವ ಬೋರ್ಡೂ ಇಲ್ಲದೆ, ನೆಲ ಪಕ್ಷ ಬದಲಿಸುತ್ತದೆ. ಅಲ್ಲಿಂದಾಚೆಗೆ ಬಿದ್ದ ಮಳೆ ಶರಾವತಿಯ ಪಾಲು. ರಸ್ತೆಗೆ ಅದೇ ಮೊದಲ ಬಾರಿ ಜೊತೆಗೊಂದು ನದಿ ಸಿಗುತ್ತದೆ.

ಜೋಗದಲ್ಲಿ ಶರಾವತಿ 253 ಮೀಟರ್ ಒಂದೇ ನೆಗೆತಕ್ಕೆ ಇಳಿಯುತ್ತದೆ. ಸೈಕಲ್ಲಿಗೆ ಆ ಸೌಭಾಗ್ಯವಿಲ್ಲ. ಮಾವಿನಗುಂಡಿಯಿಂದ ಗೇರುಸೊಪ್ಪೆಯವರೆಗಿನ ಘಟ್ಟವನ್ನು ತಿರುವು ತಿರುವಾಗಿ ಇಳಿಯಬೇಕು. ಇಡೀ ಪ್ರಯಾಣದಲ್ಲಿ ಹೆಚ್ಚು ಎಚ್ಚರ ಬೇಡುವ ಜಾಗ ಇದು. ಇಳಿಯುವ ಮುಂಚೆ ಬ್ರೇಕಿನ ರಬ್ಬರುಗಳನ್ನು ಹೊಸದಾಗಿ ಹಾಕಿಸಬೇಕು, ಒದ್ದೆ ರಸ್ತೆಯಾದರೆ ಇನ್ನೂ ಜೋಪಾನ. ಒಂದೇ ಸಮನೆ ಬ್ರೇಕ್ ಹಿಡಿದರೆ ಚಕ್ರದ ರಿಮ್ಮು ಮುಟ್ಟಲಾಗದಷ್ಟು ಕಾಯುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು, ನಡುನಡುವೆ ನಿಲ್ಲಬೇಕು. ನಿಂತರೆ ನಷ್ಟವಿಲ್ಲ. ಅದೃಷ್ಟವಿದ್ದರೆ ಮರದ ನೆತ್ತಿಯಲ್ಲಿ ಸಿಂಗಳೀಕ ಕಂಡೀತು. ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಶರಾವತಿಯ ಪಕ್ಕದಲ್ಲೇ, ತೆಂಗು ಅಡಿಕೆಯ ನೆರಳಲ್ಲಿ, ಪೆಡಲಿಗೆ ಕೆಲಸವೇ ಇಲ್ಲ ಎನ್ನುವಷ್ಟು ಸಲೀಸು.

ಹೊನ್ನಾವರದ ಸೇತುವೆಯ ಮೇಲೆ ನಿಂತರೆ ನದಿ ಮುಗಿಯುವುದೂ ಕಡಲು ತೊಡಗುವುದೂ ಒಟ್ಟಿಗೇ ಕಾಣುತ್ತದೆ. ಗೌರಿಬಿದನೂರಿನ ರಸ್ತೆಯ ಕೆಲಸ ಇಲ್ಲಿಗೆ ಮುಗಿಯಿತು. ಇಲ್ಲಿಂದ ದಕ್ಷಿಣಕ್ಕೆ ಹೆದ್ದಾರಿ 66. ಮಲ್ಪೆಗೆ ಇನ್ನೂ ಸುಮಾರು 125 ಕಿ.ಮೀ., ಎರಡು ದಿನದ ಸಾವಧಾನದ ಸವಾರಿ. ಇಲ್ಲಿ ಕಲ್ಲು ಮತ್ತೆ ಬದಲಾಗುತ್ತದೆ. ಮನೆ, ಬಾವಿ, ಪಾಗಾರ ಎಲ್ಲವೂ ಜೇನುಗೂಡಿನಂತೆ ತೂತು ತೂತಾದ ಕೆಂಪು ಮುರಕಲ್ಲು. ಇದು ಬೆಂಕಿಯ ಕೂಸಲ್ಲ, ಮಳೆಯ ಕೂಸು. ಲಕ್ಷಾಂತರ ವರ್ಷಗಳ ಮಳೆ ಬಿಸಿಲು ಕಲ್ಲಿನಲ್ಲಿದ್ದುದರಲ್ಲಿ ಬಹುಪಾಲನ್ನು ತೊಳೆದು ಕಬ್ಬಿಣದಂಥ ಅಂಶಗಳನ್ನು ಉಳಿಸಿ ಹೋದಾಗ ಆದದ್ದು. ಬಯಲುಸೀಮೆಯಲ್ಲಿ ಕಲ್ಲನ್ನು ಸಿಡಿಸುತ್ತಾರೆ, ಇಲ್ಲಿ ಇಟ್ಟಿಗೆಯಂತೆ ಕೊಯ್ಯುತ್ತಾರೆ.

ಮುರ್ಡೇಶ್ವರ, ಭಟ್ಕಳ, ಶಿರೂರು, ಬೈಂದೂರು ದಾಟಿದ ಮೇಲೆ ಮರವಂತೆ. ರಸ್ತೆಯ ಬಲಕ್ಕೆ ಅರಬ್ಬೀ ಸಮುದ್ರ, ಎಡಕ್ಕೆ ಸೌಪರ್ಣಿಕಾ ನದಿ, ನಡುವೆ ಬಡಪಾಯಿ ಸೈಕಲ್. ಬಸ್ಸಿನಲ್ಲಿ ಎರಡು ನಿಮಿಷಕ್ಕೆ ಮುಗಿದುಹೋಗುವ ಈ ದೃಶ್ಯ ಸೈಕಲ್ಲಿಗೆ ಹೆಚ್ಚು ಹೊತ್ತು ದಕ್ಕುತ್ತದೆ, ಎದುರುಗಾಳಿ ಇದ್ದರಂತೂ ಇನ್ನೂ ಹೆಚ್ಚು! ಕುಂದಾಪುರ, ಬ್ರಹ್ಮಾವರ, ಉಡುಪಿ, ಕೊನೆಗೆ ಮೀನಿನ ವಾಸನೆ ತುಂಬಿದ ಮಲ್ಪೆ ಬಂದರು. ಸೈಕಲ್ಲುಗಳು ಅಲ್ಲೇ ಉಳಿಯಬೇಕು, ಮುಂದಿನದು ದೋಣಿಯ ದಾರಿ.

ಊರವರು ತೋನ್ಸೆಪಾರ್ ಎಂದೂ ಕರೆಯುವ ಸೇಂಟ್ ಮೇರೀಸ್ ದ್ವೀಪಗಳಿಗೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಮಳೆ ಕಳೆದ ಮೇಲೂ ಕಡಲು ಶಾಂತವಾದರೆ ಮಾತ್ರ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂಬ ಪ್ರತೀತಿಯಿದೆ. ಪ್ರತೀತಿಯ ಮಾತು ಹೇಗೇ ಇರಲಿ, ಅವನಿಗಿಂತ ಹಳೆಯ ಸಂಗತಿ ಎದುರಿಗೇ ನಿಂತಿದೆ. ಐದು, ಆರು, ಏಳು ಮೂಲೆಗಳ ಕಲ್ಲಿನ ಕಂಬಗಳು, ಶಿಲ್ಪಿ ಉಳಿ ಹಿಡಿದು ಕಡೆದಂತೆ, ಒಂದರ ಪಕ್ಕ ಒಂದು ನೂರಾರು. ಕೆಲವು ಮೊಣಕಾಲೆತ್ತರ, ಕೆಲವು ಎರಡಾಳಿಗೂ ಮೀರಿದವು.

ಇದು ಹೇಗಾಯಿತೆಂದು ಗೌರಿಬಿದನೂರಿನ ಮಕ್ಕಳಿಗೆ ವಿವರಿಸುವುದು ಸುಲಭ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳದಲ್ಲಿ ಅವರು ಆಡಿದ್ದಾರೆ. ಕೆಸರು ಒಣಗಿ, ಕುಗ್ಗಿ, ಐದಾರು ಮೂಲೆಯ ಹೆಂಚುಗಳಂತೆ ಬಿರುಕು ಬಿಟ್ಟಿರುವುದನ್ನು ತುಳಿದಿದ್ದಾರೆ. ಇಲ್ಲೂ ಹಾಗೆಯೇ. ದಪ್ಪನೆಯ ಲಾವಾ ಪದರ ಆರುವಾಗ ಕುಗ್ಗಿತು, ಮೇಲ್ಮೈಯಲ್ಲಿ ಬಿರುಕು ಮೂಡಿತು, ಆರುತ್ತ ಹೋದಂತೆ ಬಿರುಕು ಒಳಕ್ಕಿಳಿಯಿತು. ಕೆರೆಯಲ್ಲಿ ಹೆಂಚಾದದ್ದು ಇಲ್ಲಿ ಕಂಬವಾಯಿತು, ಅಷ್ಟೇ. ಕೆರೆಯಲ್ಲಿ ಹೋದದ್ದು ನೀರು, ಇಲ್ಲಿ ಹೋದದ್ದು ಶಾಖ.

ವಯಸ್ಸಿನಲ್ಲಿ ಈ ಕಂಬಗಳು ನಂದಿಬೆಟ್ಟದ ಮುಂದೆ ಕೂಸುಗಳು. ಸುಮಾರು 8 ಕೋಟಿ 80 ಲಕ್ಷ ವರ್ಷ. ಆಗ ಭಾರತಕ್ಕೂ ಮಡಗಾಸ್ಕರಿಗೂ ನಡುವೆ ಕಡಲಿರಲಿಲ್ಲ, ಎರಡೂ ಅಂಟಿಕೊಂಡಿದ್ದವು. ಅವು ಬೇರ್ಪಡುವ ಹೊತ್ತಿನಲ್ಲಿ ನೆಲ ಬಿರಿದು ಉಕ್ಕಿದ ಲಾವಾ ಇದು. ಅದೇ ಕಾಲದ ಜ್ವಾಲಾಮುಖಿಯ ಕಲ್ಲುಗಳು ಇಂದು ಕಡಲಾಚೆ ಮಡಗಾಸ್ಕರಿನಲ್ಲೂ ಇವೆ. ಬಿಜಾಪುರ, ಬೆಳಗಾವಿಯ ಕರಿಕಲ್ಲನ್ನು ಹಾಸಿದ ದಖನ್ನಿನ ಮಹಾ ಉಕ್ಕು ಬಂದದ್ದು ಇನ್ನೂ ಎರಡು ಕೋಟಿ ವರ್ಷ ಕಳೆದ ಮೇಲೆ. ಮರಡಿಹಳ್ಳಿಯಲ್ಲಿ ಕಡಲು ಹೋಗಿ ನೆಲ ಉಳಿಯಿತು. ಇಲ್ಲಿ ನೆಲ ಒಡೆದು ಕಡಲು ನುಗ್ಗಿತು. ಎಂಟು ದಿನದ ಸೈಕಲ್ ಸವಾರಿಯಲ್ಲಿ ಎರಡನ್ನೂ ಕೈಯಲ್ಲಿ ಮುಟ್ಟಿ ನೋಡಿದ ಹಾಗಾಯಿತು.

ಮುಟ್ಟಬೇಕಾದದ್ದು ಕಲ್ಲನ್ನು ಮಾತ್ರ, ಅಲೆಯನ್ನಲ್ಲ. ಕಂಬಗಳು ಪಾಚಿಗಟ್ಟಿ ಜಾರುತ್ತವೆ, ಅವುಗಳ ಬುಡದಲ್ಲೇ ಕಡಲು ಆಳವಾಗಿದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಕೆರೆಯಲ್ಲಿ ಈಜು ಕಲಿತ ಧೈರ್ಯ ಕಡಲಿಗೆ ಸಾಲದು. ಕಾವಲುಗಾರರ ಸೀಟಿ ಕೇಳಿದರೆ ಹಿಂದೆ ಸರಿಯಬೇಕು, ಅದರಲ್ಲಿ ಅವಮಾನವೇನಿಲ್ಲ.

ಮರಳುವುದು ಸುಲಭ. ಉಡುಪಿಯಿಂದ ಬೆಂಗಳೂರಿಗೆ ರಾತ್ರಿ ರೈಲು ಉಂಟು, ಸೈಕಲ್ಲುಗಳನ್ನು ಲಗೇಜಿಗೆ ಹಾಕಬಹುದು. ಹೊತ್ತಿಗೆ ಮುಂಚೆ ಹೋಗಿ ರಸೀದಿ ಮಾಡಿಸಿ, ಹ್ಯಾಂಡಲಿಗೆ ಹೆಸರು ಬರೆದ ರಟ್ಟು ಕಟ್ಟಬೇಕು. ಬೆಂಗಳೂರಿನಲ್ಲಿ ಹಿಂದೂಪುರದ ಕಡೆಯ ರೈಲು ಹಿಡಿದರೆ ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರು. ಸ್ಟೇಷನ್ನಿನಿಂದ ಮನೆಗೆ ಹೋಗುವ ದಾರಿಯಲ್ಲಿ ಕಾಣುವ ಬಂಡೆಗಳೆಲ್ಲ ಬಿಟ್ಟುಹೋದ ಜಾಗದಲ್ಲೇ ಇವೆಯೇ ಎಂದು ಒಮ್ಮೆ ಎಣಿಸಿಕೊಂಡೇ ಮನೆ ಸೇರಬೇಕು.